ದೇವರ ಮನೆ ಪಕ್ಕದ ಕಂಪ್ಯೂಟರ್

ನಮ್ಮ ಕಂಪ್ಯೂಟರ್ ಇರುವುದು ಭದ್ರಾವತಿಯ ಮನೆಯಲ್ಲಿ. ಅದನ್ನು ಆಡಿಸುವ ನಾನು ಹಗಲೆಲ್ಲ ಇರುವುದು ಶಿವಮೊಗ್ಗದಲ್ಲಿ. ಕೈ ಒಂದೂರಿನಲ್ಲಿ, ಅಕ್ಷರ ಮೂಡುವುದು ಇನ್ನೊಂದೂರಿನಲ್ಲಿ ಎಂದಾದ ಮೇಲೆ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಒಂದು ಮುಗಿಯಿತಪ್ಪ ಎಂದು ದೇವರಿಗೆ ಕೈಮುಗಿದು ಏಳುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ. ಕೇಳಿದವರು ನಗುತ್ತಾರೆ. ಈಗ ನಾನೂ ನಗುತ್ತೇನೆ. ಆದರೆ ಅವು ನಡೆಯುವ ಹೊತ್ತಿನಲ್ಲಿ ನಮ್ಮ ಮನೆಯೊಳಗೆ ಯಾರೂ ನಕ್ಕಿರಲಿಲ್ಲ.

ಜಾಗ ಸಿಕ್ಕಿದ್ದು

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ. ಅಕ್ಷರ ದುಂಡಗಿದೆ ಎಂಬ ಒಂದೇ ಗುಣದಿಂದ ಶಿವಮೊಗ್ಗದ ಒಂದು ಪ್ರೆಸ್ಸಿಗೆ ಸೇರಿದೆ. ನಾಮಕರಣ, ಮದುವೆ, ಗೃಹಪ್ರವೇಶ, ಕೊನೆಗೆ ಶಿವಗಣಾರಾಧನೆ, ಹೀಗೆ ಮನುಷ್ಯ ಬಂದದ್ದರಿಂದ ಹಿಡಿದು ಹೋದದ್ದರ ತನಕ ಎಲ್ಲ ಕಾರ್ಡುಗಳನ್ನೂ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ನನ್ನ ಕೆಲಸ.

ನಮ್ಮ ಕಸುಬಿನ ಎರಡು ರೂಢಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ಯಾರೂ ಕಾರ್ಡನ್ನು ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹಳೆಯ ಕಾರ್ಡೊಂದನ್ನು ತೆರೆದು ಮೇಲಿನ ಸಾಲಿನಿಂದ ತಿದ್ದುತ್ತಾ ಕೆಳಗೆ ಇಳಿಯುತ್ತೇವೆ. ಹಾಗಾಗಿ ಸ್ವಲ್ಪ ಹೊತ್ತು ಆ ಕಾರ್ಡಿನಲ್ಲಿ ಒಬ್ಬರ ಮದುವೆಗೆ ಇನ್ನೊಬ್ಬರ ಅಪ್ಪ ಅಮ್ಮ ನಿಂತಿರುತ್ತಾರೆ. ಕೊನೆಯ ಸಾಲು ಮುಟ್ಟುವಾಗ ಎಲ್ಲರೂ ಅವರವರ ಮನೆ ಸೇರುತ್ತಾರೆ. ಇನ್ನೊಂದು, ಗಿರಾಕಿ ಪ್ರೂಫ್ ನೋಡಿ ಸರಿ ಎನ್ನುವ ತನಕ ಏನನ್ನೂ ಅಚ್ಚಿಗೆ ಹಾಕುವಂತಿಲ್ಲ.

ಪ್ರೆಸ್ಸಿನ ಯಜಮಾನರು ಒಳ್ಳೆಯವರು. ಅವರಿಗೆ ಒಂದೇ ಚಟ. ಯಾವ ಕಾರ್ಡು ಕಂಡರೂ ಎಡಗಡೆ ಮೂಲೆಗೆ ಒಂದು ಪುಟ್ಟ ನಂದಿಯನ್ನು ಕೂರಿಸುತ್ತಾರೆ. ಅವರು ಕೂರಿಸಿದ ನಂದಿ ಯಾವಾಗಲೂ ತುಸು ವಾಲಿರುತ್ತದೆ. ಗಿರಾಕಿ ಗೊಣಗಿದರೆ, "ಅದು ತಲೆ ಬಗ್ಗಿಸಿ ನಮಸ್ಕಾರ ಮಾಡ್ತಿದೆ ಮಾರಾಯ" ಎನ್ನುತ್ತಾರೆ.

ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು, ಒಂದು ಹಳೆಯ ಪ್ರಿಂಟರ್ ಸಮೇತ, ನನಗೆ ಕೊಟ್ಟರು. ನಮ್ಮ ಹಳೆಯ ಅಕ್ಷರಗಳು, ಹಳೆಯ ಕಾರ್ಡುಗಳು ಎಲ್ಲ ಅದರಲ್ಲೇ ಇದ್ದವು. ಹೊಸದರಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಚದುರಿಹೋಗುತ್ತಿದ್ದವು. ಕೊನೆಗೆ ರಿಪೇರಿಯವರು ಒಂದು ದಾರಿ ಮಾಡಿಕೊಟ್ಟರು. ಇಂಟರ್ನೆಟ್ ಮೂಲಕ ಶಿವಮೊಗ್ಗದಿಂದಲೇ ಮನೆಯ ಕಂಪ್ಯೂಟರನ್ನು ಆಡಿಸಬಹುದು. ಅಲ್ಲಿ ನಾನು ಮೌಸ್ ಸರಿಸಿದರೆ ಇಲ್ಲಿ ಬಾಣ ಸರಿಯುತ್ತದೆ. ಅಲ್ಲಿ ಒತ್ತಿದ ಅಕ್ಷರ ಇಲ್ಲಿ ಮೂಡುತ್ತದೆ. ಯಜಮಾನರಿಗೂ ವಿವರಿಸಲು ಹೋದೆ. "ಕೆಲಸ ಆದ್ರೆ ಸಾಕು ಮಾರಾಯ" ಎಂದು ಅರ್ಧಕ್ಕೇ ಎದ್ದು ಹೋದರು.

ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುವ ಪ್ಲಗ್ಗು ನಮ್ಮ ಮನೆಯಲ್ಲಿ ಒಂದೇ ಕಡೆ ಇತ್ತು, ದೇವರ ಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಕಂಪ್ಯೂಟರ್ ಅಲ್ಲೇ ಕೂತಿತು. ದೇವರ ನೆರೆಯಲ್ಲವೇ ಎಂದು ಅದರ ಪಾಸ್‌ವರ್ಡಿಗೆ ಶಿವನ ಹೆಸರನ್ನೇ ಹೇಳಿದೆ. ರಿಪೇರಿಯವರು, "ಹೆಸರೊಂದೇ ಸಾಲದು, ಜೊತೆಗೆ ನಂಬರ್ ಬೇಕು" ಎಂದರು.

ಕಾಫಿ ತಂದ ನನ್ನ ಮನೆಯವಳು ಅಲ್ಲೇ ನಿಂತಳು. "ಶಿವನಿಗೆ ನಂಬರ್ ಹಾಕ್ತಾರೇನ್ರೀ? ಅವನೇನು ಸಿಟಿ ಬಸ್ಸಾ?"

ಸೀರೆ ಹೊದಿಸಿದ್ದು

ಕಾರ್ಖಾನೆ ಮುಚ್ಚಿ ಅದರ ಸೈರನ್ ನಿಂತ ಮೇಲೆ ನಮ್ಮ ಬೀದಿಯ ಮಧ್ಯಾಹ್ನಗಳಿಗೆ ಶಬ್ದವೇ ಇಲ್ಲ. ದೇವರ ಮನೆಯ ದೀಪದ ಬತ್ತಿ ಚಿಟಿಲ್ ಎಂದರೂ ಅಡುಗೆ ಮನೆಗೆ ಕೇಳುತ್ತದೆ. ಅಂಥ ಒಂದು ಮಧ್ಯಾಹ್ನ ಮನೆಯವಳು ಬತ್ತಿ ಸರಿಮಾಡಲು ಹೋದಾಗ ಪಕ್ಕದ ಕೋಣೆಯಲ್ಲಿ ಬೆಳಕು ಕಂಡಿದೆ. ಯಾರೂ ಹಾಕದ ಪರದೆ ತಾನಾಗಿ ಹೊತ್ತಿಕೊಂಡಿತ್ತು. ಅದರ ಮೇಲೆ ಬಾಣ ನಿಧಾನಕ್ಕೆ ಸರಿಯುತ್ತಿತ್ತು. ಒಂದು ಕಡೆ ನಿಲ್ಲುವುದು, ಏನೋ ಯೋಚಿಸುವುದು, ಮತ್ತೆ ಇನ್ನೊಂದು ಕಡೆಗೆ ಹೋಗುವುದು.

ಪ್ರೆಸ್ಸಿಗೆ ಫೋನ್ ಬಂತು. ಧ್ವನಿ ತೀರಾ ಕೆಳಗಿತ್ತು.

"ಏನ್ರೀ, ಒಳಗೆ ಯಾರೋ ಇದಾರೆ."

"ಅದು ನಾನೇ ಮಾರಾಯ್ತಿ. ಮೊದಲೇ ಹೇಳಿದ್ದೆನಲ್ಲ?"

"ಹೇಳಿದ್ರಿ. ಆದ್ರೆ ಇದು ನಿಮ್ಮ ಹಾಗಿಲ್ಲ. ಏನೋ ಹುಡುಕೋರ ಹಾಗಿದೆ."

"ಹಳೇ ಕಾರ್ಡು ಹುಡುಕ್ತಿದೀನಿ."

"ಮತ್ತೆ ನಾನು ಬಾಗಿಲಿಗೆ ಬಂದ ತಕ್ಷಣ ಯಾಕೆ ನಿಂತಿತು?"

"ನೀನು ಫೋನ್ ಮಾಡಿದೆಯಲ್ಲ, ಅದನ್ನ ಎತ್ತಿಕೊಂಡೆ."

ಅವಳು ಧ್ವನಿಯನ್ನು ಇನ್ನೂ ತಗ್ಗಿಸಿದಳು. "ನಿಮಗೆ ನಾನು ಕಾಣ್ತೀನಾ?"

"ಇಲ್ಲ. ಅದಕ್ಕೆ ಕಣ್ಣಿಲ್ಲ."

"ಕಣ್ಣಿಲ್ಲದ್ದು ಹೇಗ್ರೀ ಹುಡುಕುತ್ತೆ?"

ಸಂಜೆ ಮನೆಗೆ ಬಂದು ನೋಡಿದರೆ ಕಂಪ್ಯೂಟರಿಗೆ ಹಳೆಯ ಕೆಂಪು ಸೀರೆ ಹೊದಿಸಿದ್ದಳು.

ಸೀರೆ ಹೊದಿಸಿದ ಮೇಲೆ ಇನ್ನೂ ಕೆಟ್ಟಿತು. ಅರೆಗತ್ತಲ ಕೋಣೆಯಲ್ಲಿ ಒಂದು ಕೆಂಪು ಆಕಾರ. ಅದರೊಳಗೆ ಬೆಳಕು ಹೊತ್ತುವುದು, ಅಲುಗುವುದು, ಆರುವುದು. ಪಕ್ಕದ ಮನೆ ಅಕ್ಕ ಸಕ್ಕರೆ ಕೇಳಲು ಬಂದವರು ಅದನ್ನು ನೋಡಿದರು. ಅವರ ಮನೆಯವರು ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಇಲ್ಲೇ ನೆಲೆಸಿದವರು.

"ಅಕ್ಕಾ, ಒಳಗೆ ಯಾರು?"

"ನಮ್ಮನೆಯವರು," ಎಂದಳಂತೆ ಇವಳು.

"ಅವರು ಬೆಳಿಗ್ಗೆ ಬಸ್ಸು ಹತ್ತಿದ್ದು ನಾನೇ ನೋಡಿದೆನಲ್ಲಾ?"

"ಹೌದು, ಅವರು ಶಿವಮೊಗ್ಗದಲ್ಲೇ ಇದಾರೆ. ಕೆಲಸ ಮಾತ್ರ ಇಲ್ಲಿ ಮಾಡ್ತಿದಾರೆ."

ಆ ಅಕ್ಕ ಸಕ್ಕರೆ ಬಟ್ಟಲನ್ನು ಅಲ್ಲೇ ಬಿಟ್ಟು ಹಿಂದೆ ಹಿಂದೆಯೇ ಹೆಜ್ಜೆ ಹಾಕಿ ಹೋದರಂತೆ. ಮರುದಿನ ಆ ಕೋಣೆಯ ಕಿಟಕಿಯ ಹೊರಗೆ ಒಂದು ನಿಂಬೆಹಣ್ಣು, ಉರಿದ ಕರ್ಪೂರದ ಗುರುತು. ನಾನು ಬಸ್ಸಿಗೆಂದು ಹೊರಟಾಗ ಅವರು ತಮ್ಮ ಗೇಟಿನ ಹಿಂದೆ ನಿಂತು, ಮುಖ ನೋಡದೆ ನನ್ನ ಪಾದಗಳನ್ನೇ ನೋಡುತ್ತಿದ್ದರು, ನೆಲಕ್ಕೆ ತಾಗುತ್ತಿವೆಯೋ ಇಲ್ಲವೋ ಎಂದು.

ಬಾಯಿಬಿಟ್ಟು ಕೊಟ್ಟ ಪ್ರಸಾದ

ನಮ್ಮ ಅವ್ವ ಇಷ್ಟಲಿಂಗ ಪೂಜೆಗೆ ಕೂತರೆ ಲೋಕ ಮುಳುಗಿದರೂ ಏಳುವವಳಲ್ಲ. ಹಣೆಗೆ ಮೂರು ಬೆರಳಿನ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ನೆಟ್ಟ ಬೆನ್ನು. ಪೂಜೆ ಮುಗಿಯುವ ತನಕ ಒಂದು ಮಾತು ಆಡುವುದಿಲ್ಲ. ಎಂಬತ್ತು ದಾಟಿದ ಮೇಲೆ ಇನ್ನಷ್ಟು ಹೊತ್ತು ಕೂರುತ್ತಾಳೆ.

ಒಂದು ದಿನ ನಾನು ಪ್ರೆಸ್ಸಿನಿಂದ ಒಂದು ಮದುವೆ ಕಾರ್ಡನ್ನು ಅಚ್ಚಿಗೆ ಕೊಟ್ಟೆ. ಪ್ರೆಸ್ಸಿನ ಪ್ರಿಂಟರ್ ಸುಮ್ಮನಿತ್ತು. ಮತ್ತೆ ಕೊಟ್ಟೆ. ಆಗಲೂ ಸುಮ್ಮನಿತ್ತು. ಆ ಹೊತ್ತಿಗೆ ಭದ್ರಾವತಿಯಲ್ಲಿ, ಅವ್ವ ಲಿಂಗದ ಮೇಲೆ ಕಣ್ಣು ನೆಟ್ಟು ಕೂತಿದ್ದಾಗ, ಪಕ್ಕದ ಕೋಣೆಯಲ್ಲಿ ಏನೋ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಕಟಕಟ ಹಲ್ಲು ಕಡಿಯಿತು. ಆಮೇಲೆ ಉದ್ದಕ್ಕೆ ಉಸಿರೆಳೆದು ಬಿಳಿಯ ನಾಲಿಗೆ ಚಾಚಿತು. ಹಾಳೆ ಜಾರಿ, ತೇಲಿ, ದೇವರ ಮನೆಯ ಹೊಸ್ತಿಲ ಮೇಲೆ ಬಿತ್ತು.

ನಮ್ಮ ಕಡೆ ಕಾರ್ಡುಗಳ ತಲೆಯ ಮೇಲೆ ಮನೆದೇವರ ಹೆಸರಿರುತ್ತದೆ. ಅವ್ವ ಪೂಜೆ ಮುಗಿಸಿ ಕನ್ನಡಕ ಹಾಕಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಶ್ರೀ... ವೀರಭದ್ರೇಶ್ವರ... ಪ್ರಸನ್ನ." ಮುಂದೆ ಓದುವ ಅಗತ್ಯ ಅವಳಿಗೆ ಕಾಣಲಿಲ್ಲ. ಇಷ್ಟು ವರ್ಷ ಪೂಜೆ ಮಾಡಿದ್ದಕ್ಕೆ ಒಂದು ಉತ್ತರ ಬಂದಿತ್ತು.

ಅಂದಿನಿಂದ ಕಂಪ್ಯೂಟರಿಗೂ ದಿನಾ ವಿಭೂತಿ ಹಚ್ಚತೊಡಗಿದಳು. ಹಾಳೆಯನ್ನು ದೇವರ ಪಟದ ಪಕ್ಕ ನಿಲ್ಲಿಸಿದಳು. ನಾನು ಹೇಳಿ ನೋಡಿದೆ. "ಅವ್ವಾ, ಅದು ನಾನು ಕಳಿಸಿದ್ದು. ದಾರಿ ತಪ್ಪಿ ಇಲ್ಲಿಗೆ ಬಂತು."

"ದಾರಿ ತಪ್ಪಿ ದೇವರ ಮನೆಗೇ ಬಂತಾ? ನೀನು ತಪ್ಪಬಹುದು ಕಣೋ, ತಪ್ಪಿಸಿದವನು ತಪ್ಪಲ್ಲ."

ರಾಗಿಗುಡ್ಡದ ಕಡೆಯ ಆ ಮದುವೆ ಹುಡುಗ ಹುಡುಗಿಯನ್ನು ನಾನು ಇಂದಿಗೂ ನೋಡಿಲ್ಲ. ಆದರೆ ಅವರ ಮದುವೆ ಮುಗಿದು ಎಷ್ಟೋ ಕಾಲದ ತನಕ ಭದ್ರಾವತಿಯಲ್ಲಿ ಅವರಿಗೆ ದಿನಾ ಎರಡು ಹೊತ್ತು ಮಂಗಳಾರತಿ ನಡೆಯುತ್ತಿತ್ತು.

ಕರೆಂಟು ಹೋದ ಮಧ್ಯಾಹ್ನ

ಇನ್ನು ಮುಂದಿನದು ನಗುವ ಹಾಗೆ ಶುರುವಾಗಲಿಲ್ಲ.

ಒಬ್ಬ ಗಿರಾಕಿ ಬಂದು ತಮ್ಮ ತಾಯಿಯ ಶಿವಗಣಾರಾಧನೆಯ ಕಾರ್ಡು ಬೇಕೆಂದರು. ಆರಾಧನೆ ಬರುವ ಸೋಮವಾರ. ನಡುವೆ ಭಾವಚಿತ್ರ, ಕೆಳಗೆ ನಾಲ್ಕು ಸಾಲು, ಅದರ ಕೆಳಗೆ ಮನೆಯವರ ಹೆಸರು. ಅಂಥದೇ ಚೌಕಟ್ಟಿನ ಹಳೆಯ ಕಾರ್ಡು ಯಾವುದಿದೆ ಎಂದು ಹುಡುಕಿದರೆ ಸಿಕ್ಕಿದ್ದು ನಮ್ಮದೇ ಗೃಹಪ್ರವೇಶದ ಕಾರ್ಡು. ಮನೆಯ ಹಿರಿಯಳೆಂದು ನಡುವೆ ಅವ್ವನ ಭಾವಚಿತ್ರ ಹಾಕಿಸಿದ್ದೆ.

ರೂಢಿಯ ಹಾಗೆ ಮೇಲಿನಿಂದ ಶುರು ಮಾಡಿದೆ. ‘ಗೃಹಪ್ರವೇಶ’ ಅಳಿಸಿ ‘ಶಿವಗಣಾರಾಧನೆ’ ಎಂದು ಕೂರಿಸಿದೆ. ದಿನ ತಿದ್ದಿ ಸೋಮವಾರ ಮಾಡಿದೆ. ಇನ್ನು ಭಾವಚಿತ್ರಕ್ಕೂ ಹೆಸರಿಗೂ ಕೈ ಹಾಕಬೇಕು, ಶಿವಮೊಗ್ಗದಲ್ಲಿ ಕರೆಂಟು ಹೋಯಿತು.

ಭದ್ರಾವತಿಯಲ್ಲಿ ಹೋಗಿರಲಿಲ್ಲ.

ಅವ್ವ ವಿಭೂತಿ ಹಚ್ಚಲು ಹೋಗಿ ಕೆಂಪು ಸೀರೆ ಎತ್ತಿದಳು. ಒಳಗಿನಿಂದ ಅವಳೇ ಅವಳನ್ನು ನೋಡುತ್ತಿದ್ದಳು. ತಲೆಯ ಮೇಲೆ ಶಿವಗಣಾರಾಧನೆ, ಕೆಳಗೆ ಅವಳ ಹೆಸರು. ಹೆಸರಿನ ಪಕ್ಕದಲ್ಲಿ ಬಾಣ, ಮುಂದೆ ಏನೂ ಹೇಳಲು ಉಳಿದಿಲ್ಲ ಎನ್ನುವ ಹಾಗೆ ನಿಂತಿತ್ತು.

ಅವಳು ಕೂಗಿಕೊಳ್ಳಲಿಲ್ಲ. ಸೊಸೆಯನ್ನು ಕರೆದಳು. "ಬಾರೇ ಇಲ್ಲಿ, ಇದನ್ನೊಂದು ಓದು. ನನ್ನ ಕಣ್ಣು ಮಂಜು, ತಪ್ಪು ಓದಿರಬಹುದು."

ಇವಳು ಓದಿದಳು. ಕೈಯಲ್ಲಿದ್ದ ಹಾಲಿನ ಪಾತ್ರೆ ನೆಲಕ್ಕೆ ಬಿತ್ತು. ಅವ್ವ ಆ ಕಡೆ ನೋಡಲೂ ಇಲ್ಲ.

"ಸೋಮವಾರಾನೇ ತಾನೇ?"

"ಹೌದತ್ತೆ... ಸೋಮವಾರ."

"ಒಳ್ಳೇ ದಿನ," ಎಂದಳು ಅವ್ವ. "ಹಾಲು ಒರೆಸು, ಇರುವೆ ಬರುತ್ತೆ."

ಹೊರಡುವ ತಯಾರಿ

ಸಂಜೆ ನಾನು ಬರುವಾಗ ಅವ್ವ ಪೆಟ್ಟಿಗೆ ತೆರೆದು ಸೀರೆಗಳನ್ನು ಹಂಚಲು ಕುಪ್ಪೆ ಮಾಡುತ್ತಿದ್ದಳು. ಸೋಮವಾರ ಆರಾಧನೆ ಎಂದರೆ ಅದಕ್ಕೆ ಮುಂಚೆ ಹೊರಡಬೇಕಲ್ಲ, ಲೆಕ್ಕ ಅವಳಿಗೆ ಸ್ಪಷ್ಟವಿತ್ತು. ನಾನು ನೇರ ಕೋಣೆಗೆ ಹೋಗಿ ಆ ಕಾರ್ಡನ್ನು ಅಳಿಸಲು ಕೈ ಚಾಚಿದೆ. ಹಿಂದಿನಿಂದ ಬಂದು ಮಣಿಕಟ್ಟು ಹಿಡಿದಳು. ಆ ವಯಸ್ಸಿಗೆ ಅಂಥ ಹಿಡಿತ ಎಲ್ಲಿಂದ ಬಂತೋ.

"ಅವನು ಬರೆದದ್ದನ್ನ ಅಳಿಸೋಕೆ ನೀನ್ಯಾರೋ?"

"ಅವ್ವಾ, ಬರೆದದ್ದು ನಾನು. ಶಿವಮೊಗ್ಗದಲ್ಲಿ ಕೂತು ಬರೆದೆ."

"ನನ್ನ ಆರಾಧನೆ ಕಾರ್ಡು ನೀನು ಬರೆದೆಯಾ?"

ಹೌದು ಎಂದರೂ ಪಾಪ, ಇಲ್ಲ ಎಂದರೂ ಸುಳ್ಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ಕಾರ್ಡು ಪರದೆಯ ಮೇಲೆ ಹಾಗೇ ಉಳಿಯಿತು.

ಅವಳು ಸಾಯಲು ಹೆದರಿದ್ದರೆ ಸಮಾಧಾನ ಮಾಡಬಹುದಿತ್ತು. ಆದರೆ ಅವಳು ಖುಷಿಯಾಗಿದ್ದಳು. ಎಲ್ಲಕ್ಕಿಂತ ದೊಡ್ಡ ತೊಂದರೆ, ಬಿ.ಪಿ. ಮಾತ್ರೆ ಬಿಟ್ಟಳು. ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದ ಮಾತ್ರೆ ಅದು. "ಹೊರಡೋಳಿಗೆ ಮಾತ್ರೆ ಯಾಕೆ?" ಊಟವೂ ಮಜ್ಜಿಗೆ ಅನ್ನದ ಒಂದು ತುತ್ತಿಗೆ ಇಳಿಯಿತು. ಮರುದಿನ ಬೆಳಿಗ್ಗೆ ಏಳುವಾಗ ಗೋಡೆ ಹಿಡಿದುಕೊಂಡಳು. ಕಾರ್ಡಿನ ಮಾತು ನಿಜವಾಗಲು ಬೇರೆ ಯಾರೂ ಬೇಕಿರಲಿಲ್ಲ, ಅವಳೊಬ್ಬಳೇ ಸಾಕಾಗಿದ್ದಳು.

ನೆಂಟರಿಗೆಲ್ಲ ಫೋನ್ ಹಚ್ಚಿಸಿದಳು. "ಮಾತಾಡ್ಬೇಕು ಅನ್ನಿಸ್ತು" ಎಂದಷ್ಟೇ ಹೇಳಿ, ತಪ್ಪಿದ್ದರೆ ಕ್ಷಮಿಸಿ ಎಂದು ಮುಗಿಸುತ್ತಿದ್ದಳು. ಆಯನೂರಿನ ದೊಡ್ಡಮ್ಮನಿಗೂ ಹಚ್ಚಲೇ ಎಂದೆ. ದೊಡ್ಡಮ್ಮ ಎಂದರೆ ಅವ್ವನ ವಾರಗಿತ್ತಿ, ನಮ್ಮ ದೊಡ್ಡಪ್ಪನ ಹೆಂಡತಿ. ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಕೂತು ಅವ್ವ ಮಾಡಿದ ಹೋಳಿಗೆಯನ್ನು "ಹಪ್ಪಳ ಚೆನ್ನಾಗಿದೆ" ಎಂದು ಹೊಗಳಿದವಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಬೇಡ," ಎಂದಳು ಅವ್ವ. "ಅಷ್ಟೆಲ್ಲ ವೈರಾಗ್ಯ ಇನ್ನೂ ಬಂದಿಲ್ಲ."

ಆ ರಾತ್ರಿ ಅವ್ವನಿಗೆ ನಿದ್ದೆ ಹತ್ತಿದ ಮೇಲೆ ಕಾರ್ಡು ಅಳಿಸಿಬಿಡಲೇ ಎಂದು ಯೋಚಿಸಿದೆ. ಆದರೆ ಅಳಿಸಿದರೆ, ಶಿವ ತನ್ನ ಹೆಸರನ್ನೇ ಅಳಿಸಿದ ಎಂದು ಇನ್ನೂ ಬೇಗ ಹೊರಡುತ್ತಾಳೆ. ಮನೆಯವಳು ಬೇರೆ ಉಪಾಯ ಹೇಳಿದಳು. "ಶಿವಮೊಗ್ಗದಿಂದ ‘ಆರಾಧನೆ ಮುಂದೂಡಲಾಗಿದೆ’ ಅಂತ ಟೈಪ್ ಮಾಡ್ರೀ. ನಂಬ್ತಾರೆ."

"ಶಿವನ ಹೆಸರಲ್ಲಿ ಸುಳ್ಳು ಬರೀಲಾ?"

"ನಿಮ್ಮ ಹೆಸರಲ್ಲಿ ನಿಜಾನಾದ್ರೂ ಬರೀರಿ."

ಹಾಗೇ ಮಾಡಿದೆ. ಮರುದಿನ ಪ್ರೆಸ್ಸಿನಲ್ಲಿ ಗಿರಾಕಿಯ ಕಾರ್ಡನ್ನು ಬೇರೆಯಾಗಿ ಮಾಡಿ ಮುಗಿಸಿದೆ. ಆಮೇಲೆ ಮನೆಯ ಪರದೆಯ ಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ‘ಅವ್ವಾ, ಇದು ನಾನು, ನಿನ್ನ ಮಗ. ಹೆದರಬೇಡ. ಮಾತ್ರೆ ತಗೋ.’ ಖಾಲಿ ಕುರ್ಚಿಯ ಎದುರು, ವಿಭೂತಿ ಹಚ್ಚಿದ ಗಾಜಿನ ಮೇಲೆ, ಆ ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ಅವ್ವ ನಿಂತು ನೋಡಿದಳಂತೆ.

ಸಂಜೆ ಮನೆ ಸೇರಿದರೆ ಅವಳ ಕಣ್ಣಲ್ಲಿ ನೀರು. "ಅವನು ಎಷ್ಟು ದೊಡ್ಡವನು ನೋಡೋ. ನಾನು ಹೆದರಬಾರದು ಅಂತ ನನ್ನ ಮಗನ ಹೆಸರಲ್ಲೇ ಮಾತಾಡಿದ."

"ಹಾಗಾದ್ರೆ ಮಾತ್ರೆ ತಗೊಂಡೆಯಾ?"

"ತಗೊಳ್ತೀನಾ? ಪರೀಕ್ಷೆ ಮಾಡ್ತಿದಾನೆ ಕಣೋ, ಇವಳಿಗೆ ಇನ್ನೂ ಮಾತ್ರೆ ಮೇಲೆ ಆಸೆ ಇದೆಯಾ ಅಂತ!"

ನಂದಿ ಬಂದದ್ದು

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅವ್ವನ ಮುಖ ಬಿಳಿಚಿತ್ತು. ಹಿಂದಿನ ದಿನ ಮೂಲೆಯಲ್ಲಿ ಬರೆದದ್ದನ್ನು ಮೆಲ್ಲಗೆ ಅಳಿಸಿ, ಅವಳನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡೆ.

"ಅವ್ವಾ, ಇವತ್ತು ನಾನು ಇಲ್ಲೇ ಇದೀನಿ. ಶಿವಮೊಗ್ಗದಲ್ಲಿ ಇದನ್ನ ಆಡಿಸೋರು ಯಾರೂ ಇಲ್ಲ. ನೋಡು, ಈ ಬಾಣ ಇವತ್ತು ಅಲುಗಲ್ಲ. ಅಲುಗದಿದ್ರೆ, ಇಷ್ಟು ದಿನ ಆಡಿಸಿದ್ದು ನಾನೇ ಅಂತ ಒಪ್ಕೊಂಡು ಮಾತ್ರೆ ನುಂಗಬೇಕು. ಆಯ್ತಾ?"

"ಅಲುಗಿದ್ರೆ?"

"ಅಲುಗಲ್ಲ."

"ಅಲುಗಿದ್ರೆ ನೀವ್ಯಾರೂ ನನ್ನ ತಡೀಬಾರದು."

ನನ್ನ ಎರಡೂ ಕೈ ಮಡಿಲಲ್ಲಿದ್ದವು. ಧೈರ್ಯವಾಗಿ ಹೂಂ ಎಂದೆ.

ಮೂವರೂ ಪರದೆ ನೋಡುತ್ತಾ ಕೂತೆವು. ಹೊರಗೆ ಬೀದಿಯಲ್ಲಿ ಒಂದು ಸದ್ದಿಲ್ಲ. ದೀಪದ ಎಣ್ಣೆ ಸುಡುವ ವಾಸನೆ. ಪರದೆಯೊಳಗಿನ ಅವ್ವ, ಹೊರಗಿನ ಅವ್ವ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಬಹಳ ಹೊತ್ತಾಯಿತು. ಮಾತ್ರೆ ಡಬ್ಬಿಯ ಮುಚ್ಚಳ ತೆಗೆದು, "ನೋಡಿದೆಯಾ" ಎನ್ನಲು ಬಾಯಿ ತೆರೆದೆ.

ಬಾಣ ಅಲುಗಿತು.

ಮೊದಲು ತುಸುವೇ, ನಿದ್ದೆಯಿಂದ ಎದ್ದ ಹಾಗೆ. ಆಮೇಲೆ ನೇರ ಅವ್ವನ ಹೆಸರಿನ ಬಳಿಗೆ ಹೋಗಿ ನಿಂತಿತು. ಹೆಸರಿನ ಹಿಂದೆ ಅಕ್ಷರಗಳು ಮೂಡಿದವು. ‘ಲಿಂಗೈಕ್ಯ’. ಬಾಣ ಕೆಳಗಿಳಿಯಿತು. ‘ಸುಖಾಗಮನ ಬಯಸುವವರು’ ಎಂದಿದ್ದ ಸಾಲು ಅಳಿಸಿಹೋಯಿತು, ಆ ಜಾಗದಲ್ಲಿ ‘ದುಃಖತಪ್ತರು’ ಎಂದು ಬಂತು. ಅದರ ಕೆಳಗಿನ ನಮ್ಮ ಹೆಸರುಗಳು ಹಾಗೇ ಉಳಿದವು. ಮನೆಯವಳು ನನ್ನ ಭುಜ ಹಿಡಿದುಕೊಂಡಳು. ಪ್ರಿಂಟರ್ ಗಂಟಲು ಸರಿಮಾಡಿಕೊಂಡು ಹಲ್ಲು ಕಡಿದು ಕಾರ್ಡನ್ನು ಹೊರಗೆ ಚಾಚಿತು.

"ಆಯ್ತಲ್ಲ," ಎಂದಳು ಅವ್ವ. ಕಾರ್ಡನ್ನು ಎತ್ತಿ ಕಣ್ಣಿಗೊತ್ತಿಕೊಂಡು, ನಿಧಾನಕ್ಕೆ ಎದ್ದು, ಪೂಜೆಗೆ ಕೂರಲು ಹೋದಳು. ದೇವರ ಮನೆಯಲ್ಲಿ ನೆಲಕ್ಕೆ ಕೂರಲು ಆಗದೆ, ಹಜಾರದಲ್ಲಿ ಕುರ್ಚಿಯ ಮೇಲೆ ಕೂತಳು.

ನಾನು ಎದ್ದೇ ಇರಲಿಲ್ಲ. ಶಿವನನ್ನು ಹುಟ್ಟಿದಂದಿನಿಂದ ನಂಬಿದವನು, ಅವನು ಮನೆಗೆ ಬಂದಾಗ ಎದ್ದು ನಿಲ್ಲದಿರುವುದು ನಾಚಿಕೆಯ ವಿಷಯ. ಕೈಮುಗಿಯಲು ಹೋದೆ. ಅಷ್ಟರಲ್ಲಿ ಪರದೆಯ ಎಡಮೂಲೆಯಲ್ಲಿ ಒಂದು ಪುಟ್ಟ ನಂದಿ ಬಂದು ಕೂತಿತು. ವಾಲಿತ್ತು.

"ಇದು ಯಜಮಾನರು ಕಣೇ!" ಎಂದು ಕೂಗಿದೆ.

ಆಮೇಲೆ ತಿಳಿದದ್ದು ಇದು. ನಾನು ಬಾರದ್ದರಿಂದ ಯಜಮಾನರೇ ನನ್ನ ಜಾಗದಲ್ಲಿ ಕೂತಿದ್ದರು. ನಾನು ಮುಚ್ಚದೆ ಬಂದ ಕಿಟಕಿಯಲ್ಲಿ ನಮ್ಮ ಮನೆಯ ಪರದೆ ತೆರೆದೇ ಇತ್ತು. ಅದು ಪ್ರೆಸ್ಸಿನದೇ ಎಂದುಕೊಂಡು ನೋಡಿದರೆ ನನ್ನ ತಾಯಿಯ ಆರಾಧನೆಯ ಕಾರ್ಡು, ಅರ್ಧ ಮಾತ್ರ ಆಗಿದೆ. ಪಾಪ, ಹೆತ್ತ ತಾಯಿಯ ಕಾರ್ಡನ್ನು ತಾನೇ ಮಾಡಲು ಕೂತು, ಮುಗಿಸಲಾಗದೆ, ಯಾರಿಗೂ ಹೇಳದೆ ಎದ್ದು ಹೋಗಿದ್ದಾನೆ ಎಂದು ಆ ಒಳ್ಳೆಯ ಮನುಷ್ಯ ಅತ್ತಿದ್ದರು. ನನಗೆ ಫೋನ್ ಮಾಡಿದ್ದರು. ಬೆಳಗಿನ ನನ್ನ ಪೂಜೆಯ ಹೊತ್ತಿಗೆ ಸದ್ದು ತೆಗೆದಿಟ್ಟ ಫೋನು ಹಾಗೇ ಇತ್ತು. ದುಃಖದಲ್ಲಿ ಎತ್ತುತ್ತಿಲ್ಲ ಎಂದುಕೊಂಡು ಉಳಿದರ್ಧವನ್ನು ತಾವೇ ಮುಗಿಸಿದರು.

ನಾನು ಫೋನ್ ಮಾಡಿದರೆ ಅವರದು ಎಂಗೇಜ್. ಪರಿಚಯದವರಿಗೆಲ್ಲ ಸುದ್ದಿ ತಿಳಿಸುತ್ತಿದ್ದರು. ಬೇರೆ ದಾರಿ ಕಾಣದೆ ಕೀಲಿಮಣೆ ಎಳೆದುಕೊಂಡು ಆ ಕಾರ್ಡಿನ ಮೇಲೇ ಟೈಪ್ ಮಾಡಿದೆ. ‘ಅವ್ವ ಬದುಕಿದ್ದಾಳೆ’.

ಬಾಣ ಗಕ್ಕನೆ ನಿಂತಿತು.

‘ಅವ್ವ ಇಲ್ಲೇ ಇದ್ದಾಳೆ’ ಎಂದು ಮತ್ತೆ ಬರೆದೆ.

ಬಾಣ ಒಮ್ಮೆ ಆ ಮೂಲೆಗೆ, ಒಮ್ಮೆ ಈ ಮೂಲೆಗೆ ಓಡಾಡಿತು, ಬಾಗಿಲು ಸಿಗದವರ ಹಾಗೆ. ಆಮೇಲೆ ಅಲುಗಲೇ ಇಲ್ಲ. ಯಜಮಾನರು ವೈರು ಕಿತ್ತು ಹೊರಗೆ ಓಡಿದ್ದರು.

ಅವರ ಫೋನು ಮೊದಲು ಎಂಗೇಜ್ ಇತ್ತು, ಆಮೇಲೆ ಸ್ವಿಚ್ ಆಫ್. ನಾನು ಕೋಣೆಯಲ್ಲಿ ನಿಂತು ಮತ್ತೆ ಮತ್ತೆ ಹಚ್ಚುತ್ತಲೇ ಇದ್ದೆ. ಮನೆಯವಳು ಹಿತ್ತಲಲ್ಲಿದ್ದಳು. ಹೊರಗೆ ಪ್ರೆಸ್ಸಿನ ವ್ಯಾನು ನಿಂತದ್ದು ಇಬ್ಬರಿಗೂ ಕೇಳಲಿಲ್ಲ.

ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಶಾಲು ಹೊದಿಸಿ, ಬೆನ್ನು ನೆಟ್ಟಗೆ ಕೂರಿಸುತ್ತಾರೆ. ದೊಡ್ಡ ಹಾರ ಹಿಡಿದು ಹೊಸ್ತಿಲು ದಾಟಿದ ಯಜಮಾನರಿಗೆ ಕಂಡದ್ದು ಅದೇ. ಕುರ್ಚಿಯಲ್ಲಿ ನೆಟ್ಟಗೆ ಕೂತ ಅವ್ವ. ಹಣೆ ತುಂಬ ವಿಭೂತಿ, ಮೈಮೇಲೆ ಶಾಲು, ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು, ಮುಂದೆ ಉರಿಯುವ ದೀಪ. ಅವರು ಹಾರ ಹಾಕಿ ಕೈಮುಗಿದು ಹೇಳಿದರು. "ಅವ್ವಾ, ಕಂಪ್ಯೂಟರಿನೊಳಗೆ ಬಂದು ಮಾತಾಡಬೇಡಿ. ನಿಮ್ಮ ಮಗನನ್ನ ನಾನು ನೋಡ್ಕೋತೀನಿ. ನೆಮ್ಮದಿಯಾಗಿ ಹೋಗಿ."

ಅವ್ವ ಕಣ್ಣು ಬಿಟ್ಟಳು.

ಪೂಜೆಯ ನಡುವೆ ಅವಳು ಮಾತಾಡುವುದಿಲ್ಲವಲ್ಲ, ಬಲಗೈ ನಿಧಾನಕ್ಕೆ ಎತ್ತಿ, ಎದುರಿನ ಕುರ್ಚಿ ತೋರಿಸಿದಳು. ಕೂತ್ಕೊಳಿ ಎಂದು.

ಯಜಮಾನರು ಹಾಕಿದ ಕೂಗು ಪಕ್ಕದ ಮನೆ ಅಕ್ಕನಿಗೂ ಕೇಳಿಸಿತಂತೆ. ನಾವು ಓಡಿ ಬರುವಾಗ ಯಜಮಾನರು ನಿಜವಾಗಿಯೂ ಕೂತಿದ್ದರು, ಕುರ್ಚಿಯ ಮೇಲಲ್ಲ, ನೆಲದ ಮೇಲೆ. ಮುಖಕ್ಕೆ ನೀರು ಚಿಮುಕಿಸಿ, ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಅವ್ವನ ಪೂಜೆ ಮುಗಿಯಿತು. ಹಾರ ಹಾಕಿಕೊಂಡೇ ಕನ್ನಡಕ ಏರಿಸಿ ಕಾರ್ಡು ತೆಗೆದಳು.

"ಇದು ನೀವು ಮಾಡಿದ್ದಾ?"

"ತಪ್ಪಾಯ್ತು ಅವ್ವಾ."

ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಕೆಳಗೆ ಇಳಿದಳು. ದುಃಖತಪ್ತರು ಎಂಬಲ್ಲಿಗೆ ಬಂದವಳು ನಿಂತಳು. ಗೃಹಪ್ರವೇಶದ ಕಾರ್ಡಿನಲ್ಲಿ ಮನೆತನದ ಹಿರಿಯ ಸೊಸೆಯೆಂದು ಮೊದಲ ಹೆಸರು ಆಯನೂರಿನ ದೊಡ್ಡಮ್ಮನದಿತ್ತು. ಅದು ಅಲ್ಲೇ ಇತ್ತು.

"ಇವಳಾ?" ಎಂದಳು ಅವ್ವ. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖಕ್ಕೆ ರಕ್ತ ಬಂತು. "ನಾನು ಹೋದ್ರೆ ಮೊದಲು ದುಃಖಪಡೋಳು ಇವಳಾ? ಆಯನೂರಿಂದ ಇಲ್ಲಿ ತನಕ ನಗ್ತಾ ಬರ್ತಾಳೆ! ಏನ್ರೀ, ಗಿರಾಕಿಗೆ ಪ್ರೂಫ್ ತೋರಿಸದೆ ಅಚ್ಚು ಹಾಕ್ತೀರಾ ನೀವು?"

ಯಜಮಾನರು ತಲೆ ತಗ್ಗಿಸಿದರು.

"ಶಿವ ಕರೆದ ಅಂತ ಹೊರಟಿದ್ದೆ. ಪ್ರೆಸ್ಸಿನೋರು ಕರೆದ್ರೆ ಯಾರು ಹೋಗ್ತಾರೆ?" ಸೊಸೆಯ ಕಡೆ ತಿರುಗಿದಳು. "ಆ ಮಾತ್ರೆ ತಾರೇ. ಅನ್ನ ಬಡಿಸು. ಇವರಿಗೂ ಒಂದೆಲೆ ಹಾಕು, ಪಾಪ, ಹೆದರಿದಾರೆ."

ಆ ಕಾರ್ಡು ಇನ್ನೂ ಕಂಪ್ಯೂಟರಿನಲ್ಲಿದೆ. ನನ್ನ ಕಸುಬಿನಲ್ಲಿ ಇಷ್ಟು ತಡಮಾಡಿದ ಕೆಲಸ ಇನ್ನೊಂದಿಲ್ಲ. ಅದು ತಡವಾಗಲಿ ಎಂದೇ ದಿನಾ ದೇವರಿಗೆ ಕೈಮುಗಿದು ಬಸ್ಸು ಹತ್ತುತ್ತೇನೆ. ಅವ್ವ ಬೆಳಿಗ್ಗೆ ಮಾತ್ರೆ ನುಂಗಿ, ನೀರು ಕುಡಿದು, ಒಮ್ಮೊಮ್ಮೆ ಕೇಳುತ್ತಾಳೆ. "ನನ್ನ ಕಾರ್ಡು ತಿದ್ದಿದೆಯೇನೋ?"

"ಇಲ್ಲ ಅವ್ವಾ, ಕೆಲಸ ಜಾಸ್ತಿ."

"ಅವಸರ ಇಲ್ಲ. ಮೊದಲು ಆಯನೂರಿನೋಳದ್ದು ಮುಗಿಸು."